ಕಂಪ್ಯೂಟರಿಗೆ ಕಾಣದ ಕುರಿದಾರಿ

ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವವರೆಲ್ಲ ಕಂಪ್ಯೂಟರ್ ಬಲ್ಲವರು ಎಂಬ ತಪ್ಪು ತಿಳಿವಳಿಕೆ ನಮ್ಮ ಬಳಗದಲ್ಲಿದೆ. ಅದನ್ನು ತಿದ್ದುವಷ್ಟು ಪ್ರಾಮಾಣಿಕತೆ ನನಗೆ ಯಾವತ್ತೂ ಬರಲಿಲ್ಲ. ಸಾಂಗ್ಲಿ ಹತ್ತಿರದ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳಿಗೆ ಅಂಟಿಸುವ ಚೀಟಿ ಮುದ್ರಿಸುವುದು ನನ್ನ ಕೆಲಸ. ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಬರದಿದ್ದರೆ ನಾನು ಚಹಾಕ್ಕೆ ಹೋಗುತ್ತೇನೆ. ಹೆಂಡತಿಯ ತವರಿನವರು ಮಾತ್ರ ನನ್ನನ್ನು ಇಂಜಿನಿಯರ್ ಎಂದೇ ನಂಬಿದ್ದಾರೆ.

ಹಾಗೆ ನಂಬಿದವರಲ್ಲಿ ಹೆಂಡತಿ ಶೋಭಾಳ ಚಿಕ್ಕಪ್ಪ ಬೀರಪ್ಪ ಕಾಕಾ ಒಬ್ಬರು. ಮಿರಜಿನಾಚೆಯ ಗಡಿ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದಾರೆ. ಅವರ ಕುರಿಗಳು ಕೆರೆಗೆ ಹೋಗುವ ಹಳೆಯ ದಾರಿಗೆ ಹೊಲದವನೊಬ್ಬ ತಂತಿಬೇಲಿ ಹಾಕಲು ಹೊರಟಿದ್ದ. ದಾರಿ ಹೋದರೆ ಕುರಿಗೆ ನೀರಿಲ್ಲ. ಬುಧವಾರದ ಗ್ರಾಮಸಭೆಗೆ ದಾರಿಯ ನಕ್ಷೆ ತರಬೇಕು ಎಂದಿದ್ದರು ಸರಪಂಚರು. "ನಕ್ಷೆ ತಾನೇ? ಬಿಡ್ರಿ ಕಾಕಾ, ನಾ ಅದೇನಿ" ಎಂದುಬಿಟ್ಟೆ.

ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯನಿಂದ ಅಂಗೈಯಗಲದ ಜಿಪಿಎಸ್ ಯಂತ್ರ ತಂದೆ. ಹಿಡಿದುಕೊಂಡು ನಡೆದರೆ, ನಡೆದ ದಾರಿಯನ್ನು ಅದೇ ಗೆರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಶನಿವಾರ ಹಳ್ಳಿಗೆ ಹೋದೆ. ಕಾಕಾ ಈಯಲಿದ್ದ ಕುರಿಯನ್ನು ಬಿಟ್ಟು ಬರುವಂತಿರಲಿಲ್ಲ. ಕೈಮಾಡಿ ದಾರಿ ತೋರಿಸಿದರು. ಮುಗಿಸಿ ಬಂದೆ.

ಭಾನುವಾರ ಬೆಳಿಗ್ಗೆ ಕಾಕಾ ನಕ್ಷೆ ಒಯ್ಯಲು ಸಾಂಗ್ಲಿಯ ನಮ್ಮ ಮನೆಗೆ ಬಂದು, ಕಂಪ್ಯೂಟರ್ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ವೈರು ಚುಚ್ಚಿದೆ. ಯಂತ್ರದ ದೀಪ ಹತ್ತಿತು. ಕಂಪ್ಯೂಟರ್ ಮಾತ್ರ ಮುನಿಸಿಕೊಂಡ ಬೀಗಿತ್ತಿಯ ಹಾಗೆ ಅತ್ತ ನೋಡಲೂ ಇಲ್ಲ. ವೈರು ತೆಗೆದು ಚುಚ್ಚಿದೆ, ಇನ್ನೊಂದು ತೂತಿಗೆ ಚುಚ್ಚಿದೆ, ತೂತಿಗೆ ಬಾಯಿಂದ ಗಾಳಿ ಊದಿದೆ, ಕಂಪ್ಯೂಟರನ್ನು ಮೂರು ಸಲ ಮಲಗಿಸಿ ಎಬ್ಬಿಸಿದೆ.

"ಮರಿ ಮೊಲಿ ಹಿಡೀಲಿಲ್ಲಂದ್ರ ನಾವು ಬಾಯಾಗ ಬೆರಳಿಟ್ಟು ರೂಢಿ ಮಾಡಸ್ತೇವಿ, ಅಳಿಯಾರ. ಹಂಗೇನರ ಮಾಡಿ ನೋಡ್ರಿ" ಎಂದರು ಕಾಕಾ.

ಮಿರಜ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಯಂತ್ರ, ವೈರು ಎರಡನ್ನೂ ಹೊತ್ತು ಓಡಿದೆ. ನನಗಿಂತ ಹಿರಿಯಳಂತೆ ಕಂಡ ಅಂಗಡಿಯಾಕೆ ವೈರನ್ನು ಒಮ್ಮೆ ತಿರುಗಿಸಿ, "ಕಾಕಾ, ಹೀ ಫಕ್ತ ಚಾರ್ಜಿಂಗಚೀ ವಾಯರ ಆಹೇ" ಎಂದಳು. ಅದು ಬರೀ ಚಾರ್ಜ್ ಮಾಡುವ ವೈರಂತೆ. ಮಾಹಿತಿ ಅದರಲ್ಲಿ ಹರಿಯುವುದೇ ಇಲ್ಲವಂತೆ. ನನ್ನನ್ನು ಕಾಕಾ ಎಂದದ್ದಕ್ಕೇ ಹೆಚ್ಚು ನೋವಾಯಿತು.

ಮನೆಗೆ ಮರಳಿ ಹೊಸ ವೈರು ಚುಚ್ಚಿದೊಡನೆ ಕಂಪ್ಯೂಟರ್ 'ಟುಣ್' ಎಂದಿತು. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಅಷ್ಟು ವಿನಯದಿಂದ ಕೇಳುವಾಗ ಬೇಡ ಎನ್ನುವುದು ಹೇಗೆ? ಹೂಂ ಎಂದು ಒತ್ತಲು ಹೋದೆ. ಶೋಭಾ ಓಡಿಬಂದು ಕೈ ಹಿಡಿದಳು. "ಅಯ್ಯ, ಅದನ್ನ ಒತ್ತಬ್ಯಾಡ್ರಿ! ಎಲ್ಲಾ ಅಳಿಸಿ ಹೋಗ್ತೈತಿ." ಬೇಡ ಎಂದು ಒತ್ತಿ, ವೈರು ತೆಗೆದು ಅವಳೇ ಮತ್ತೆ ಚುಚ್ಚಿದಳು. ನಕ್ಷೆ ತೆರೆದುಕೊಂಡಿತು.

ಕಾಕಾ ಗೆರೆಯ ಮೇಲೆ ಬೆರಳಾಡಿಸಿದರು. "ಇದು ಡಾಂಬರ ರಸ್ತಾ ಅಲ್ಲೇನ್ರಿ? ಇಲ್ಲಿ ಕುರಿ ಯಾವಾಗ ಹೋಗಿದ್ವು?"

ಇಲ್ಲೊಂದು ವಿಷಯ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಬಿಸಿಲು ಜೋರಿತ್ತು, ಮುಳ್ಳು ಬಹಳ ಇತ್ತು, ನನ್ನ ಹತ್ತಿರ ಮೋಟರ್ ಸೈಕಲ್ ಇತ್ತು. ಕೆರೆಗೆ ಹೋಗುವ ದಾರಿ ಯಾವುದಾದರೇನು ಎಂದುಕೊಂಡಿದ್ದೆ. ಶೋಭಾ ಮೂಲೆಯಲ್ಲಿದ್ದ ಅಂಕಿ ಓದಿದಳು: "ವೇಗ, ತಾಸಿಗೆ ನಲವತ್ತೆರಡು ಕಿಲೋಮೀಟರ್."

"ನಮ್ಮ ಕುರಿ ಇಷ್ಟು ಜೋರ ಓಡಿದ್ರ ಬೇಲಿ ಹಾರೇ ಹೋಗ್ತಿದ್ವು ಬಿಡ್ರಿ" ಎಂದರು ಕಾಕಾ. ಬೈದಿದ್ದರೆ ಹಗುರಾಗುತ್ತಿತ್ತು, ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು.

ಸೋಮವಾರ ರಜೆ ಹಾಕಿ, ಕಾಕಾನ ಕುರಿಗಳ ಹಿಂದೆ ಯಂತ್ರ ಹಿಡಿದು ಕೆರೆಯವರೆಗೂ ನಡೆದೆ. ನಕ್ಷೆಯನ್ನು ಶೋಭಾಳೇ ಇಳಿಸಿ ಮುದ್ರಿಸಿದಳು. ಬುಧವಾರ ಸಭೆಯಲ್ಲಿ ಬೇಲಿಯವನು ನಕ್ಷೆ ನೋಡಿ ಒಪ್ಪಿ ತಲೆಯಾಡಿಸಿದ, ದಾರಿ ಉಳಿಯಿತು. ಸರಪಂಚರು ಮಾತ್ರ ಕನ್ನಡಕ ಏರಿಸಿ ಒಂದು ಕಡೆ ಬೆರಳಿಟ್ಟರು. "ಎಲ್ಲಾ ಖರೆ. ಈ ಜಾಲಿ ಗಿಡದ ಹತ್ರ ದಾರಿ ನಾಕು ಸಲ ಯಾಕ ಸುತ್ತೈತಿ?"

ಅಲ್ಲಿ ಕಾಕಾನ ಟಗರು ನನ್ನನ್ನು ಅಟ್ಟಿಸಿಕೊಂಡು ಬಂದಿತ್ತು. ಕಾಕಾ ಎದ್ದು ನಿಂತು ಗಂಭೀರವಾಗಿ ಹೇಳಿದರು: "ಅಲ್ಲಿ ಕುರಿ ಸುತ್ತು ಹಾಕೇ ಮುಂದ ಹೋಗ್ತಾವ್ರಿ. ನಮ್ಮಪ್ಪನ ಕಾಲದಿಂದ ಪದ್ಧತಿ ಐತಿ."

ಸರಪಂಚರು ಹಾಗೆಯೇ ಬರೆದುಕೊಂಡರು. ಆ ನಾಲ್ಕು ಸುತ್ತು ಈಗ ಪಂಚಾಯಿತಿಯ ದಾಖಲೆಯಲ್ಲಿದೆ.