ನಮ್ಮತ್ತೆಯ ಕಾಣದ ಕಲ್ಲುಗಳು

ನಮ್ಮತ್ತೆಯವರಿಗೆ ತಲೆ ಕೆಟ್ಟಿದೆ ಎಂದು ನನಗೆ ಮದುವೆಯ ದಿನವೇ ಗೊತ್ತಾಗಿಹೋಯಿತು. ಬೇರೆ ಅತ್ತೆಯಂದಿರು ಹೊಸ ಸೊಸೆಯಿಂದ ಹೊಸ್ತಿಲಲ್ಲಿ ಅಕ್ಕಿಯ ಸೇರು ಒದೆಸುತ್ತಾರೆ. ಇವರು ನನ್ನನ್ನು ಹೊಸ್ತಿಲ ಹತ್ತಿರಕ್ಕೇ ಬಿಡಲಿಲ್ಲ! ಬಾಸಿಂಗವನ್ನೂ ಬಿಚ್ಚಿಸದೆ, ಮುಧೋಳ ಸೀಮೆಯ ಚೈತ್ರದ ಬಿಸಿಲಲ್ಲಿ, ಬರಿಗಾಲಲ್ಲಿ ಸೀದಾ ಹೊಲಕ್ಕೆ ನಡೆಸಿದರು.

"ಇಲ್ಲೈತಿ ನೋಡ ಮೊದಲ್ನೇ ಬಾಂದಗಲ್ಲ. ಕೈ ಮುಗಿಯವಾ."

ಹೊಲದ ಗಡಿ ತೋರಿಸುವ ಕಲ್ಲೆಂದು ನೋಡಿದರೆ ಬರೀ ಕರಿ ಮಣ್ಣು, ಒಂದಿಷ್ಟು ಜೋಳದ ಕೂಳೆ.

"ಕಲ್ಲ ಎಲ್ಲೈತ್ರಿ ಅತ್ತಿ?"

"ಕಲ್ಲ ಮಂದಿ ಕಿತ್ತ ಒಯ್ದಾರ. ಜಾಗಾ ಒಯ್ದಿಲ್ಲಲ್ಲ?"

ಹೊಲದ ನಾಲ್ಕು ಮೂಲೆಯಲ್ಲೂ ಹೀಗೆ ಇಲ್ಲದ ಕಲ್ಲುಗಳಿಗೆ ಕೈ ಮುಗಿದೆ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಅಂಗಾಲು ಸುಟ್ಟು ಗೊಳೋ ಎಂದು ಅಳುತ್ತಿದ್ದೆ. ಬೇವಿನ ಗಿಡದ ನೆರಳಿನಲ್ಲಿ, "ಇದ ನಿನ್ನ ಕಲ್ಲ, ನಿಂದ್ರು" ಎಂದರು. ನಾವು ನಾಲ್ವರು ಸೊಸೆಯಂದಿರು, ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಪ್ರತಿ ವರ್ಷ ಯುಗಾದಿಯ ಮರುದಿನ ನಮ್ಮ ನಮ್ಮ ಜಾಗದಲ್ಲಿ ನಿಂತು ಪಾಸಾಗಬೇಕು. ಇಂಥ ಪರೀಕ್ಷೆ ಯಾವ ಸಾಲಿಯಲ್ಲಿದೆ ಹೇಳಿ!

ಆದರೆ ಈ ಹುಚ್ಚಿಗೊಂದು ಕಾರಣವಿತ್ತು. ನಾವು ಬೇಡರು. ಊರು ಕಾಯುವ ತಳವಾರಿಕೆಗೆಂದು ಹಿಂದಿನವರಿಗೆ ಸಿಕ್ಕ ಹೊಲವದು. ಕಂಪನಿ ಸರ್ಕಾರ ಆಯುಧ ಒಪ್ಪಿಸಿರಿ ಎಂದಾಗ ನಮ್ಮವರು ಒಪ್ಪದೆ ಕಾದಾಡಿದರು. ಊರಿಗೇ ಬೆಂಕಿ ಬಿತ್ತು. ಮನೆಯ ಜೊತೆ ಹೊಲದ ಕಾಗದವೂ ಸುಟ್ಟಿತು. ಅಂದಿನಿಂದ ಹೊಲದ ಗುರುತು ಅತ್ತೆಯಿಂದ ಸೊಸೆಗೆ ಕಾಲಿನಿಂದಲೇ ಬರುತ್ತಿತ್ತು. ತಂಟೆ ಬಂದರೆ ನಮ್ಮ ದೈವದ, ಅಂದರೆ ಕುಲದ ಪಂಚಾಯಿತಿಯ, ಹಿರಿಯರು ಕಟ್ಟೆಯ ಮೇಲೆ ಕೂತು ತೀರಿಸುತ್ತಿದ್ದರು.

ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಮೇಲೆ ಹಿರಿಯರ ಮಾತು ನಡೆಯದಾಯಿತು. ಸರಪಳಿ ಹಿಡಿದು ಹೊಲ ಅಳೆಯುವ ಮೋಜಣಿದಾರ ಬರುತ್ತಾನೆ, ಗುರುತು ತೋರಿಸದಿದ್ದರೆ ಹೊಲ ಸರ್ಕಾರದ್ದೆಂದು ಬರೆಯುತ್ತಾನೆ ಎಂಬ ಸುದ್ದಿ ಬಂತು. ಎಂಟು ದಿನ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ರೊಟ್ಟಿ ಇಳಿಯಲಿಲ್ಲ.

ಮೋಜಣಿದಾರ ಬಂದೇ ಬಂದ. "ಬಾಂದಗಲ್ಲ ಎಲ್ಲದಾವಬೇ?"

ಅತ್ತೆ ನಾಲ್ಕು ಮೂಲೆಗೆ ಕೈ ತೋರಿಸಿದರು. "ನಿಂತಾವಲ್ರಿ ಸಾಹೇಬ್ರ."

ಸೆರಗು ಹೊದ್ದು ನಿಂತ ನಮ್ಮನ್ನು ನೋಡಿ ಅವನು ನಕ್ಕ.

"ನಗೂದ ಆಮ್ಯಾಲ. ಅವರ ಕಾಲ ಬುಡಕ ಅಗಸ್ರಿ. ಸುಟ್ಟ ಮನಿ ಇದ್ದಿಲಾ ಕಲ್ಲಿನ ಬುಡಕ ಹುಗದಾರ ನಮ್ಮ ಹಿರ್ಯಾರು."

ಉಳಿದ ಮೂವರು ನೆಗೆಣ್ಣಿಯರ ಕಾಲಡಿ ಮೊಳದಾಳದಲ್ಲಿ ಇದ್ದಿಲು ಬಂತು. ನನ್ನ ಕಾಲಡಿ ಬರೀ ಮಣ್ಣು. ಎರಡು ಮೊಳ ಅಗೆದರೂ ಮಣ್ಣೇ! ಇಷ್ಟು ಜನರ ಅನ್ನ ನನ್ನಿಂದ ಹೋಯಿತೇ? ನಾನೇ ಜಾಗ ಮರೆತೆನೇ?

ಅತ್ತೆ ನೆರಳು ದಾಟಿ ಏಳು ಹೆಜ್ಜೆ ಬಿಸಿಲಿಗೆ ನಡೆದು ನಿಂತರು. "ಇಲ್ಲಿ ಅಗೀರಿ."

ಗುದ್ದಲಿಗೆ ಇದ್ದಿಲು ಅಂಟಿಕೊಂಡು ಬಂತು. ಮೋಜಣಿದಾರ ಅಲ್ಲೇ ಕೂತು ಹೊಲವನ್ನು ನಮ್ಮ ಹೆಸರಿಗೆ ಬರೆದುಕೊಂಡ.

ಅವನು ಹೋದ ಮೇಲೆ ನನಗೆ ಸಿಟ್ಟು ಉಕ್ಕಿ ಬಂತು. "ನನಗಷ್ಟ ಯಾಕ ತಪ್ಪ ಜಾಗಾ ತೋರ್ಸಿದ್ರಿ ಅತ್ತಿ?"

"ಅವತ್ತ ನಿನ್ನ ಅಂಗಾಲಾಗ ಬೊಬ್ಬಿ ಎದ್ದಿದ್ದವು. ಕಲ್ಲಿನ ಜಾಗಾ ಬಿಸಲಾಗ ಇತ್ತು."

"ಅದಾಗಿ ಆರ ವರ್ಷ ಆತಲ್ರಿ. ಆಮ್ಯಾಲರ ಹೇಳಬಾರದೇನ್ರಿ?"

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

"ಹೇಳಬೇಕಂತಿದ್ದೆ. ಪ್ರತಿ ವರ್ಷ ಬಿಸಲ ಹಂಗ ಇರತಿತ್ತವಾ."