ತಣ್ಣನೆ ರೂಮಿಗೆ ಇಟ್ಟ ಕುಂಕುಮ

ನಗೋ ಅಂಥದ್ದನ್ನ ಹುಡುಕ್ಕೊಂಡು ನಾನು ಯಾವತ್ತೂ ಹೋದೋಳಲ್ಲ. ಟೀ ಫ್ಲಾಸ್ಕ್ ಹಿಡಿದು ಮೇಜಿಂದ ಮೇಜಿಗೆ ಹೋಗ್ತಿದ್ರೆ ಅದೇ ಎದುರಿಗೆ ಬಂದು ನಿಲ್ಲುತ್ತೆ. ಸೂಲಿಬೆಲೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿ ಆಫೀಸಲ್ಲಿ ಟೀ ಕೊಡೋದು ನನ್ನ ಕೆಲಸ. ಓದು ಬರಹ ಕಲೀಲಿಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರ್ಕೊಳ್ತಾಳೆ.

ಹಾಲಿನ ಪ್ಯಾಕೆಟ್

ದಸರಾ ಹತ್ತಿರ ಬರ್ತಿದ್ದಾಗ ಆಫೀಸಿನ ಕಂಪ್ಯೂಟರನ್ನೆಲ್ಲ ಬದಲಾಯಿಸೋ ಕೆಲಸ ಶುರುವಾಯ್ತು. ಅದನ್ನ ನೋಡ್ಕೊಳ್ಳೋಳು ಹೊಸಕೋಟೆ ಪೇಟೆಯ ಒಬ್ಬ ಹುಡುಗಿ. ವರ್ಚುವಲ್ ಡೆಸ್ಕ್‌ಟಾಪ್ ಅಂತ ಏನೋ ಅಂದಳು. ನಾನು ಕಣ್ಣು ಕಣ್ಣು ಬಿಟ್ಟೆ. ಆಮೇಲೆ ನನಗೆ ತಿಳಿಯೋ ಹಾಗೆ ಹೇಳಿದಳು.

"ಅಜ್ಜಿ, ಇಷ್ಟು ದಿನ ಒಬ್ಬೊಬ್ಬರ ಮೇಜಿನ ಕೆಳಗೂ ಒಂದೊಂದು ಒಲೆ ಇತ್ತು. ಇನ್ಮೇಲೆ ಒಂದೇ ಅಡುಗೆಮನೆ. ಮೇಜಿನ ಮೇಲೆ ಬರೀ ಎಲೆ. ಬಡಿಸೋದು ಒಳಗಿಂದ."

ಆ ಅಡುಗೆಮನೆ ಅನ್ನೋದು ಮೂಲೆಯ ಒಂದು ರೂಮು. ಬೀರು ಥರದ ಕಪ್ಪು ಪೆಟ್ಟಿಗೆ, ಹಗಲೂ ರಾತ್ರಿ ಎಸಿ. ಅವತ್ತು ನಮ್ಮ ಫ್ರಿಜ್ ಕೆಟ್ಟಿತ್ತು. ಆ ರೂಮಿನ ಬಾಗಿಲು ತೆರೆದಿತ್ತು, ಒಳಗೆ ತಣ್ಣಗಿತ್ತು, ಹಾಲಿನ ಪ್ಯಾಕೆಟ್ಟನ್ನೆಲ್ಲ ಒಯ್ದು ಪೆಟ್ಟಿಗೆಯ ತಲೆ ಮೇಲೆ ಜೋಡಿಸಿಬಿಟ್ಟೆ.

ಹುಡುಗಿ ನೋಡಿ ಕಿರುಚಿಕೊಂಡಳು. "ಅಜ್ಜೀ! ಒಂದು ತೊಟ್ಟು ಬಿದ್ರೂ ಎಲ್ಲಾ ನಿಂತೋಗುತ್ತೆ!"

"ಅಲ್ಲ ಕಣಮ್ಮಾ, ನೀನೇ ಅಡುಗೆಮನೆ ಅಂದೆ. ಹಾಲು ಬೇಡ ಅನ್ನೋ ಅಡುಗೆಮನೆ ಯಾವೂರಲ್ಲಿದೆ?"

ಮೊದಲೇ ಬಂದು ಕೂತೋಳು

ಹೊಸದರಲ್ಲಿ ಯಾವ ಮೇಜಿಗೆ ಹೋಗಿ ಕೂತ್ರೂ ಅವರವರ ಕೆಲಸ ಅಲ್ಲೇ ತೆರೆಯುತ್ತಂತೆ. ಪರೀಕ್ಷೆ ಮಾಡೋಣ, ಎಲ್ಲರೂ ಜಾಗ ಬದಲಾಯಿಸಿ ಅಂದಳು ಹುಡುಗಿ. ಆಗ ನೋಡ್ಬೇಕಿತ್ತು. ಒಬ್ಬರು ಕುರ್ಚಿ ದಿಂಬು ಎತ್ಕೊಂಡ್ರು, ಒಬ್ಬರು ದೇವರ ಫೋಟೋ ಬಿಚ್ಕೊಂಡ್ರು. ಡಿಸ್ಪ್ಯಾಚ್ ಮೇಡಂ ಅಂತೂ ವೈರು ಕಿತ್ತು ಸ್ಕ್ರೀನನ್ನೇ ಮಗು ಥರ ಸೊಂಟಕ್ಕೆ ಇಟ್ಕೊಂಡು ಹೊರಟ್ರು.

"ಮೇಡಂ, ಖಾಲಿ ಕೈಯಲ್ಲಿ ಹೋದ್ರೆ ಸಾಕು."

"ನನ್ನದನ್ನ ಬಿಟ್ಟು ಹೋದ್ರೆ ನನ್ನದು ಹೇಗಮ್ಮಾ ಬರುತ್ತೆ?"

ಕೊನೆಗೆ ಮನಸ್ಸಿಲ್ಲದ ಮನಸ್ಸಿಂದ ಕೆಳಗಿಟ್ಟು, ಬೇರೆ ಮೇಜಲ್ಲಿ ಕೂತು ಹೆಸರು ಒತ್ತಿದ್ರು. ಸ್ಕ್ರೀನಿನ ತುಂಬ ಅವರ ಮಗಳ ಫೋಟೋ, ಹಲ್ಲು ಬಿಟ್ಕೊಂಡು. ಮೇಡಂ ಎದೆ ಮೇಲೆ ಕೈ ಇಟ್ಕೊಂಡ್ರು.

"ಅಯ್ಯೋ ಇವಳಾ! ಸ್ಕೂಲಿಗೆ ದಿನಾ ತಡ, ಇಲ್ಲಿಗೆ ಮಾತ್ರ ನನಗಿಂತ ಮುಂಚೆ ಬಂದಿದಾಳೆ!"

ಏನೂ ಇಲ್ಲದ ಡಬ್ಬಿ

ಎಲ್ಲರೂ ಒಪ್ಪಿದ್ರು, ಲೆಕ್ಕ ಬರೆಯೋ ವಯಸ್ಸಾದ ಯಜಮಾನರೊಬ್ಬರನ್ನ ಬಿಟ್ಟು. ಅವರ ಹಳೇ ಕಂಪ್ಯೂಟರ್ ಪೆಟ್ಟಿಗೆಗೆ ಪ್ರತಿ ಆಯುಧಪೂಜೆಗೂ ಕುಂಕುಮ ಇಟ್ಟೂ ಇಟ್ಟೂ ಅದರ ಹಣೆ ಕೆಂಪಾಗಿಹೋಗಿತ್ತು. ಹುಡುಗಿ ಅದರ ಬದಲಿಗೆ ಅಂಗೈಯಷ್ಟು ಡಬ್ಬಿ ತಂದಿಟ್ಟಳು.

"ಇದರೊಳಗೆ ಏನಿದೆ?"

"ಏನೂ ಇಲ್ಲ ಸರ್. ಎಲ್ಲಾ ಒಳಗಿನ ರೂಮಲ್ಲಿದೆ."

"ಏನೂ ಇಲ್ಲದ್ದಕ್ಕೆ ಕುಂಕುಮ ಇಡ್ಲಾ? ತಗೊಂಡ್ಹೋಗು."

ನಾನು ನಕ್ಕೆ. ಹುಡುಗಿ ನಗಲಿಲ್ಲ. ಹಬ್ಬದೊಳಗೆ ಒಬ್ಬರೂ ಹಳೇದರಲ್ಲಿ ಉಳೀಬಾರದು, ಉಳಿದ್ರೆ ಈ ಕೆಲಸವನ್ನ ಬೆಂಗಳೂರಿನ ಬೇರೆ ಕಂಪನಿಗೆ ಕೊಟ್ಬಿಡ್ತೀನಿ ಅಂತ ಮ್ಯಾನೇಜರ್ ಅಂದಿದ್ರು. ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಓಡಿ ಅಬ್ಬಾಗೆ, ಅವರಪ್ಪನಿಗೆ, ಇನ್ಸುಲಿನ್ ಸೂಜಿ ಹಾಕಿ ಬರೋಳು ಅವಳು. ಅಷ್ಟು ಹತ್ತಿರದ ಕೆಲಸ ಇನ್ನೊಂದು ಎಲ್ಲಿ ಸಿಗುತ್ತೆ?

"ಅವರು ಹೇಳೋದರಲ್ಲೂ ತಪ್ಪಿಲ್ಲ ಅಜ್ಜಿ," ಅಂದಳು. "ಕೈ ಮುಗಿಯೋಕೆ ಒಂದು ಜಾಗ ಬೇಕಲ್ವಾ."

ಆ ಮಾತು ನನ್ನ ಮನಸ್ಸಲ್ಲೇ ಉಳೀತು. ಅವಳ ಮನಸ್ಸಲ್ಲೂ ಉಳಿದಿತ್ತು ಅಂತ ಕಾಣುತ್ತೆ.

ಕುಂಕುಮದ ಬೆರಳು

ಪೂಜೆ ದಿನ ಹುಡುಗಿ ಯಜಮಾನರನ್ನ ಒಳಗಿನ ರೂಮಿಗೆ ಕರೆದಳು. ಕರ್ಪೂರ ಬೇಡ, ಊದುಬತ್ತಿ ಬೇಡ, ನೀರು ಬೇಡ. ಕುಂಕುಮ ಮಾತ್ರ, ಅದೂ ಕಪ್ಪು ಪೆಟ್ಟಿಗೆಯ ಹೊರಗಿನ ಬಾಗಿಲಿಗೆ. ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದ್ರು. ಹಿಂದೆ ಆಫೀಸೆಲ್ಲ ಬಂದು ನಿಂತಿತು.

"ನನ್ನದು ಯಾವುದಮ್ಮಾ?"

"ಇದರೊಳಗೇ ಇದೆ ಸರ್. ಎಲ್ಲರದೂ."

ಕುಂಕುಮ ಅಂಟಿದ ಬೆರಳು ಅಲ್ಲೇ ನಿಂತಿತು. "ಎಲ್ಲರದೂ ಅಂದ್ರೆ... ಆ ಪರ್ಚೇಸಿನವನದೂ?"

"ಹೌದು ಸರ್."

ಇಲ್ಲೊಂದು ವಿಷಯ ಹೇಳ್ಬೇಕು. ಯಜಮಾನರಿಗೂ, ಎದುರು ಮೇಜಲ್ಲಿ ಸಾಮಾನು ಖರೀದಿ ನೋಡ್ಕೊಳ್ಳೋ ಪರ್ಚೇಸಿನವರಿಗೂ ಫ್ಯಾನು ಯಾವ ಕಡೆ ತಿರುಗಬೇಕು ಅನ್ನೋದಕ್ಕೆ ಜಗಳ ಆಗಿ, ವರ್ಷಗಟ್ಟಲೆ ಮಾತಿಲ್ಲ. ಏನಿದ್ರೂ ಟೀ ಜೊತೆ ನನ್ನ ಕೈಲೇ ಹೇಳಿ ಕಳಿಸೋರು. ಬೆರಳು ಇನ್ನೂ ಗಾಳೀಲೇ.

ಹಿಂದಿನಿಂದ ಪರ್ಚೇಸಿನವರ ದನಿ ಬಂತು. "ಅಜ್ಜಿ, ಇಡಲಿ ಅಂತ ಹೇಳಿ. ನನ್ನ ಪಾಲಿಗೆ ಬಂದದ್ದನ್ನ ಒರೆಸ್ಕೊಳ್ತೀನಿ."

"ಒರೆಸೋದು ಬೇಡ ಅಂತ ಹೇಳಜ್ಜಿ," ಅಂದ್ರು ಯಜಮಾನರು. "ಹಬ್ಬದ ದಿನ." ಅಂದವರೇ ಬಾಗಿಲಿಗೆ ಕುಂಕುಮ ಇಟ್ರು. ಹಳೇ ಪೆಟ್ಟಿಗೆ ಅವತ್ತೇ ಸ್ಟೋರಿಗೆ ಹೋಯ್ತು.

ರಜೆ ಮುಗಿದು ಆಫೀಸು ತೆರೀತು. ಎಲ್ಲರೂ ಒಟ್ಟಿಗೆ ಸ್ಕ್ರೀನು ಹಾಕಿದ್ರು. ಸ್ಕ್ರೀನಿನ ಮೇಲೆ ಉಂಗುರ ಸುತ್ತುತ್ತೆ, ಸುತ್ತುತ್ತೆ, ತೆರೆಯಲ್ಲ. "ಒಂದೇ ಸಲ ನುಗ್ಗಿದ್ರೆ ಹೀಗೇ ಅಜ್ಜಿ, ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ," ಅಂತ ಹುಡುಗಿ ಪಿಸುಗುಟ್ಟಿದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಮ್ಯಾನೇಜರ್ ನೇರವಾಗಿ ಯಜಮಾನರ ಮೇಜಿಗೇ ಬಂದ್ರು.

"ಹೇಗಿದೆ ಹೊಸದು? ಇಟ್ಕೊಳ್ಳೋದೋ ಬಿಡೋದೋ, ನೀವು ಹೇಳಿದ ಹಾಗೆ."

ಯಜಮಾನರು ಉಂಗುರ ನೋಡಿದ್ರು. ಹುಡುಗಿಯನ್ನ ನೋಡಿದ್ರು. ಆಮೇಲೆ ಕತ್ತು ತಿರುಗಿಸಿ, ನನ್ನನ್ನ ಕರೀದೇ, ನೇರವಾಗಿ ಎದುರು ಮೇಜಿಗೇ ಕೂಗಿದ್ರು. "ಏನಪ್ಪಾ, ನಿಂದೂ ನಿಧಾನನಾ?"

ಪರ್ಚೇಸಿನವರಿಗೆ ಟೀ ನೆತ್ತಿಗೆ ಹತ್ತಿತು. "ಹ್ಞೂ ಸಾರ್, ನಿಧಾನ."

"ನನ್ನಷ್ಟೇ?"

"ನಿಮ್ಮಷ್ಟೇ ಸಾರ್."

ಯಜಮಾನರ ಮುಖ ಅರಳಿತು. ಮ್ಯಾನೇಜರ್ ಕಡೆ ತಿರುಗಿ, "ಬಹಳ ಚೆನ್ನಾಗಿದೆ ಸಾರ್," ಅಂದ್ರು.