ಆವುಲಪ್ಪನ ಹೆಸರಿನ ಎಕ್ಸ್‌ರೇ

ಆವುಲಪ್ಪನಿಗೆ ಕುವೈತಿನ ಡ್ರೈವರ್ ವೀಸಾ ಬಂದಾಗಿನಿಂದ ಅವನ ದೊಡ್ಡಪ್ಪನ ಮಗ ಕೆಂಪರಾಜುವಿಗೆ ಅನ್ನ ಸೇರುತ್ತಿರಲಿಲ್ಲ. ಇಬ್ಬರೂ ಶಿಡ್ಲಘಟ್ಟದ ಒಂದೇ ವಠಾರದವರು, ಮುಖವೂ ಒಂದೇ ಅಚ್ಚು. ಈಗ ಅವನು ಓಣಿಗೆಲ್ಲ ‘ಕುವೈತ್ ಆವುಲಪ್ಪ’. ಇವನು ಮಾತ್ರ ರೇಷ್ಮೆ ನೂಲು ತೆಗೆಯುತ್ತ ಬಿಸಿನೀರಿನ ಹಬೆಯಲ್ಲಿ ಬೇಯುವ ಬರೀ ಕೆಂಪರಾಜು. ಹೆಂಡತಿ ಯಶೋಧರಾ ಬೇರೆ, ಸಾರು ಬಡಿಸುವಾಗಲೂ ಕುವೈತಿನ ಮಾತೇ ತೆಗೆಯುತ್ತಿದ್ದಳು.

ಒಂದು ಬೆಳಿಗ್ಗೆ ಆವುಲಪ್ಪನೇ ಬಂದು ಪಿಸುಗುಟ್ಟಿದ.

“ಅಣ್ಣ, ಇವತ್ತು ಬೆಂಗಳೂರಲ್ಲಿ ಮೆಡಿಕಲ್ ಐತೆ, ಅದ್ರಲ್ಲಿ ಪಾಸಾದ್ರೇನೇ ವೀಸಾ ಪಕ್ಕಾ ಆಗೋದು. ಹುಡುಗನಾಗಿದ್ದಾಗ ನಂಗೆ ಟೀಬಿ ಆಗಿತ್ತಲ್ಲ? ವಾಸಿಯಾಗಿದ್ರೂ ಎದೇಲಿ ಹಳೇ ಕಲೆ ಕಂಡ್ರೆ ಸಾಕು, ಆ ದೇಶದೋರು ಒಳಕ್ಕೆ ಬಿಡಲ್ವಂತೆ. ನನ್ನ ಹೆಸರಲ್ಲಿ ನೀನು ಎಕ್ಸ್‌ರೇ ತೆಗೆಸ್ಕೊಂಡು ಬಾರಪ್ಪ.”

ಆಗಲ್ಲ ಎನ್ನಲು ಕೆಂಪರಾಜು ಬಾಯಿ ತೆರೆದ. ಅಷ್ಟರಲ್ಲಿ ಬುದ್ಧಿ ಓಡಿತು. ತಾನು ಒಲ್ಲೆ ಎಂದರೆ ಇವನು ಇನ್ನೊಬ್ಬನನ್ನು ಹಿಡಿದಾನು. ತಾನೇ ಹೋದರೆ ಕೆಲಸ ಕೆಡಿಸಬಹುದು.

“ತಮ್ಮನಿಗೆ ಇಷ್ಟೂ ಮಾಡ್ದಿದ್ರೆ ಹೆಂಗಪ್ಪ,” ಎಂದು ಚಪ್ಪಲಿ ಮೆಟ್ಟಿದ.

ಬೆಂಗಳೂರಲ್ಲಿ ಆವುಲಪ್ಪನನ್ನು ಟೀ ಅಂಗಡಿಯಲ್ಲಿ ಕೂರಿಸಿ, ಜನ್ಮದಲ್ಲಿ ಬೀಡಿ ಮುಟ್ಟದ ಕೆಂಪರಾಜು ಗೋಡೆಯ ಮರೆಯಲ್ಲಿ ಒಂದು ಕಟ್ಟು ಸೇದಿ ಮುಗಿಸಿದ. ತಲೆ ಗಿರ್ರೆಂದಿತು. ಒಳಗೆ ಹೋಗಿ ನರ್ಸ್ ಎದುರು ಮನಸಾರೆ ಕೆಮ್ಮಿದ.

“ಎಷ್ಟು ದಿನದಿಂದ ಕೆಮ್ಮು?”

“ಹುಟ್ಟಿದಾಗಿಂದ ಕಣಮ್ಮ.”

“ಮಾತು ಸಾಕು. ಉಸಿರು ಹಿಡ್ಕೊಂಡು ನಿಲ್ಲಿ.”

ಸಂಜೆ ಡಾಕ್ಟರು “ಆವುಲಪ್ಪ” ಎಂದು ಕರೆದಾಗ ಕೆಂಪರಾಜು ಎದ್ದು ಓಡಿದ.

“ನೀವು ಅನ್‌ಫಿಟ್. ವೀಸಾ ಆಗಲ್ಲ.”

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಕಷ್ಟಪಟ್ಟು ಮುಖ ಸಪ್ಪೆ ಮಾಡಿಕೊಂಡ.

“ಎಡಗಡೆ ಟೀಬಿ ಇರೋ ಹಾಗಿದೆ. ಕಫ ಪರೀಕ್ಷೆ ಮಾಡಿಸಿ ಬೇಗ ಮಾತ್ರೆ ಶುರು ಮಾಡ್ಬೇಕು.”

“ಅದು ಹಳೇದು ಸಾರ್, ಚಿಕ್ಕೋನಿದ್ದಾಗ ಆಗಿದ್ದು.”

“ಹಳೇದಲ್ಲ ಕಣ್ರೀ, ಈಗಿಂದು. ಇದು ನಿಮ್ಮ ಎದೆ ತಾನೇ?”

ಕೆಂಪರಾಜು ಫಿಲ್ಮ್ ನೋಡಿದ, ತನ್ನ ಎದೆ ಮುಟ್ಟಿಕೊಂಡ.

“ಬೀಡಿ ಸೇದಿದ್ದಕ್ಕೆ ಇರ್ಬೇಕು ಸಾರ್. ಬೆಳಿಗ್ಗೆಯಷ್ಟೇ ಸೇದಿದ್ದು.”

“ಒಂದು ಬೆಳಗಿನ ಬೀಡಿಗೆ ಹೀಗಾಗಲ್ಲ.”

ಹೊರಗೆ ವಿಷಯ ಕೇಳಿ ಆವುಲಪ್ಪ ಸ್ವಲ್ಪ ಹೊತ್ತು ತಲೆ ಹಿಡಿದು ಕೂತ. ಆಮೇಲೆ ಎದ್ದು ಅಣ್ಣನ ಹೆಗಲು ಹಿಡಿದುಕೊಂಡ.

“ವೀಸಾ ಹೋದ್ರೆ ಹೋಗ್ಲಿ, ನೀನು ಹೆದರ್ಕೋಬೇಡ. ಆರು ತಿಂಗಳು ತಪ್ಪದೆ ಮಾತ್ರೆ ನುಂಗು. ನನ್ನ ನೋಡು, ಕಲ್ಲಿನ ಹಂಗಿದ್ದೀನಿ.”

ಕೆಂಪರಾಜು ನೋಡಿದ. ಕುವೈತಿನವರು ಬೇಡವೆನ್ನುವ ಆ ಎದೆಯನ್ನು ಕಂಡು, ತಮ್ಮನಿಗೆ ವೀಸಾ ಬಂದ ದಿನಕ್ಕಿಂತಲೂ ಅವನಿಗೆ ಹೆಚ್ಚು ಹೊಟ್ಟೆಕಿಚ್ಚಾಯಿತು.